ಹಿಗ್ಗುವ ವಿಶ್ವಕಪ್ಪು, ಕುಗ್ಗುವ ಮೈದಾನ

ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ದೂರವಾಣಿಯಲ್ಲಿ ಬಲು ಸಂಭ್ರಮದಿಂದ ಹೇಳಿದ: “ಅಜ್ಜಾ, ಫುಟ್‌ಬಾಲ್ ವರ್ಲ್ಡ್ ಕಪ್ಪಿನ್ಯಾಗ ಈಗ ನಲ್ವತ್ತೆಂಟು ಟೀಮು. ಮುಂದ ಅರವತ್ನಾಲ್ಕು ಮಾಡೂ ಮಾತೂ ಅದ. ಒಂದಿಲ್ಲೊಂದು ದಿನ ನಮ್ದೂ ಬಂದ ಬರ್ತದ!” ಹುಡುಗನ ಉತ್ಸಾಹಕ್ಕೆ ತಣ್ಣೀರೆರಚಬಾರದೆಂದು ಆಗ ಸುಮ್ಮನಾದೆ. ಆದರೆ ತಿಳಿದವರೆನಿಸಿಕೊಂಡವರೂ ಇದೇ ಮಾತನ್ನಾಡುವುದನ್ನು ಕೇಳಿದ ಮೇಲೆ ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ. ನನ್ನ ಹಳೆಯ ವಿದ್ಯಾರ್ಥಿಗಳಿಗೆ ನನ್ನ ಸ್ವಭಾವ ಗೊತ್ತು, ಕೃಪಾಂಕವೆಂದರೆ ನನಗಾಗದು.

ಬಾಗಿಲು ಅಗಲವಾದುದೇ ತಪ್ಪೆಂದು ನಾನು ಹೇಳುವವನಲ್ಲ. 1930ರಲ್ಲಿ 13 ತಂಡಗಳಿಂದ ಆರಂಭವಾದ ವಿಶ್ವಕಪ್ 1982ರಲ್ಲಿ 24ಕ್ಕೆ, 1998ರಲ್ಲಿ 32ಕ್ಕೆ, 2026ಕ್ಕೆ 48ಕ್ಕೆ ಏರಿತು. 1966ರಲ್ಲಿ ಇಡೀ ಆಫ್ರಿಕಾ ಖಂಡಕ್ಕೆ ಖಚಿತವಾದ ಒಂದು ಸ್ಥಾನವೂ ಇರಲಿಲ್ಲ. ಆ ಅವಮಾನವನ್ನು ಸಹಿಸದೆ ಆಫ್ರಿಕಾದ ರಾಷ್ಟ್ರಗಳು ಕೂಟವನ್ನೇ ಬಹಿಷ್ಕರಿಸಿದವು. ಅದೇ ವರ್ಷ ಯಾರೂ ಲೆಕ್ಕಕ್ಕಿಡದ ಉತ್ತರ ಕೊರಿಯಾ ಇಟಲಿಯನ್ನು ಸೋಲಿಸಿತು. ಪಂಕ್ತಿಯ ಹೊರಗೆ ನಿಲ್ಲಿಸಿ ಯೋಗ್ಯತೆಯ ಮಾತನಾಡುವುದು ನ್ಯಾಯವಲ್ಲ. ಕುರಸಾವ್ ಎಂಬ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ನಮ್ಮ ಬಾಗಲಕೋಟೆ ಜಿಲ್ಲೆಯೊಂದರಲ್ಲೇ 2011ರ ಗಣತಿಯಂತೆ ಸುಮಾರು 19 ಲಕ್ಷ ಜನ. ಆ ದ್ವೀಪದ ತಂಡ 2025ರ ನವೆಂಬರಿನಲ್ಲಿ ಅರ್ಹತೆ ಗಳಿಸಿದಾಗ ನಾನು ಮನಸಾರೆ ಸಂತೋಷಪಟ್ಟೆ.

ನನ್ನ ತಕರಾರು ಬೇರೆ. ಗಣಿತದ ಮಾಸ್ತರನ ಚಟ, ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. 48 ತಂಡಗಳ ಕೂಟದಲ್ಲಿ ನಾಲ್ಕು ನಾಲ್ಕರಂತೆ 12 ಗುಂಪು. ಗುಂಪಿಗೆ 6 ಪಂದ್ಯ, ಒಟ್ಟು 72. ಪ್ರತಿ ಗುಂಪಿನ ಮೊದಲಿಬ್ಬರು ಮುಂದಕ್ಕೆ. ಅವರ ಜೊತೆಗೆ ಮೂರನೆಯ ಸ್ಥಾನ ಪಡೆದವರಲ್ಲೂ ಎಂಟು ಮಂದಿ. ಅಂದರೆ 32 ತಂಡಗಳು ಉತ್ತೀರ್ಣ. 72 ಪಂದ್ಯಗಳನ್ನಾಡಿಸಿ ಮನೆಗೆ ಕಳುಹಿಸುವುದು 16 ತಂಡಗಳನ್ನು ಮಾತ್ರ! 32 ತಂಡಗಳಿದ್ದಾಗ ಅಷ್ಟೇ ತಂಡಗಳನ್ನು ಕಳುಹಿಸಲು 48 ಪಂದ್ಯ ಸಾಕಾಗುತ್ತಿದ್ದವು. ಯುರೋಪಿನ ಕೂಟವೂ 2016ರಲ್ಲಿ 16ರಿಂದ 24ಕ್ಕೆ ಏರಿ ಇದೇ ಪದ್ಧತಿಯನ್ನು ಹಿಡಿಯಿತು. ಆ ವರ್ಷ ಪೋರ್ಚುಗಲ್ ಗುಂಪಿನ ಮೂರೂ ಪಂದ್ಯಗಳನ್ನು ಸಮ ಮಾಡಿಕೊಂಡು, ಮೂರನೆಯ ಸ್ಥಾನದಲ್ಲಿ ತೇರ್ಗಡೆಯಾಗಿ, ಕೊನೆಗೆ ಕಪ್ಪನ್ನೇ ಗೆದ್ದಿತು. ಪೋರ್ಚುಗಲ್ಲಿನ ಮೇಲೆ ನನಗೆ ಸಿಟ್ಟಿಲ್ಲ. ಪರೀಕ್ಷೆಯೇ ಹಾಗಿದ್ದರೆ ಪರೀಕ್ಷಾರ್ಥಿ ಏನು ಮಾಡಿಯಾನು?

ನನ್ನ ಸೇವಾವಧಿಯಲ್ಲೂ ಇಂಥದೊಂದು ನಡೆದಿತ್ತು. ಒಂದು ವಲಯ ಮಟ್ಟದ ಕ್ರೀಡಾಕೂಟದಲ್ಲಿ ಯಾವ ಊರಿಗೂ ಬೇಸರವಾಗಬಾರದೆಂದು ಸಂಘಟಕರು ಹೆಚ್ಚುಕಡಿಮೆ ಎಲ್ಲ ಶಾಲೆಗಳನ್ನೂ ಎರಡನೆಯ ಸುತ್ತಿಗೆ ಏರಿಸಿಬಿಟ್ಟರು. ನಮ್ಮ ಹುಡುಗರು ಅಂದು ಮಧ್ಯಾಹ್ನದ ಪಂದ್ಯವನ್ನು ಆಡಿದ ರೀತಿ ಇನ್ನೂ ನೆನಪಿದೆ: ಹೊಟ್ಟೆ ತುಂಬಿದ ಎತ್ತುಗಳು ಮಡ್ಡಿಯಲ್ಲಿ ಅಡ್ಡಾಡಿದಂತೆ. ಗದರಿಸಿದೆ. “ಸರ್, ಸೋತ್ರೂ ಮುಂದ ಹೋಗ್ತೇವಲ್ರೀ” ಎಂದನೊಬ್ಬ. ಉತ್ತರ ಕೊಡಲು ನನ್ನಿಂದಾಗಲಿಲ್ಲ. (ಆತ ಈಗ ಮುಧೋಳದಲ್ಲಿ ಬ್ಯಾಂಕಿನಲ್ಲಿದ್ದಾನೆ, ಇದನ್ನು ಓದಿ ನಗುತ್ತಾನೆ.)

ಹಾಗಾದರೆ ಈ ಹಿಗ್ಗುವಿಕೆ ಯಾರಿಗಾಗಿ? ಫಿಫಾದಲ್ಲಿ 211 ಸದಸ್ಯ ಸಂಘಗಳು. ದೊಡ್ಡದಿರಲಿ ಸಣ್ಣದಿರಲಿ, ಒಂದಕ್ಕೊಂದು ಮತ. 2016ರಲ್ಲಿ ಅಧ್ಯಕ್ಷ ಹುದ್ದೆಗೆ ನಿಂತ ಜಿಯಾನಿ ಇನ್‌ಫಾಂಟಿನೊ 40 ತಂಡಗಳ ಭರವಸೆ ಕೊಟ್ಟರು. ಮರುವರ್ಷ ಜನವರಿಯಲ್ಲಿ ಅದು 48 ಆಯಿತು. ನಮ್ಮಲ್ಲಿ ಚುನಾವಣೆಗೆ ಮುಂಚೆ ಹೊಸ ತಾಲೂಕುಗಳನ್ನು ಘೋಷಿಸುವುದಿಲ್ಲವೇ, ಹಾಗೆ. ಪಂದ್ಯಗಳು 64ರಿಂದ 104ಕ್ಕೆ ಏರಿದರೆ ದೂರದರ್ಶನದ ಹಕ್ಕು, ಜಾಹೀರಾತು, ಟಿಕೆಟ್ಟು ಎಲ್ಲವೂ ಏರುತ್ತವೆ. ಏರದಿರುವುದು ಆಟಗಾರನ ಕಾಲುಗಳ ಸಂಖ್ಯೆಯೊಂದೇ. 2025ರ ಬೇಸಿಗೆಯಲ್ಲಿ ಅಮೆರಿಕದಲ್ಲಿ 32 ಕ್ಲಬ್ಬುಗಳ ಮತ್ತೊಂದು ವಿಶ್ವಕಪ್ಪನ್ನೂ ನಡೆಸಿದರು.

ಇನ್ನು ‘ನಮ್ಮದೂ ಬರ್ತದ’ ಎಂಬ ಮಾತು. ಏಷ್ಯಾಕ್ಕೆ ಮೊದಲು ನಾಲ್ಕೂವರೆ ಸ್ಥಾನವಿದ್ದುದು ಎಂಟೂವರೆಯಾಯಿತು. ಉಜ್ಬೇಕಿಸ್ತಾನ, ಜೋರ್ಡಾನ್ ಮೊದಲ ಬಾರಿಗೆ ಒಳಹೊಕ್ಕವು. ನಾವು? 2024ರ ಮಾರ್ಚಿನಲ್ಲಿ ಗುವಾಹಟಿಯಲ್ಲಿ ಆಫ್ಘಾನಿಸ್ತಾನಕ್ಕೆ 1–2ರಿಂದ ಸೋತೆವು. ಜೂನಿನಲ್ಲಿ ಅರ್ಹತೆಯ ಎರಡನೆಯ ಸುತ್ತಿನಲ್ಲೇ ಹೊರಬಿದ್ದೆವು. ಏಷ್ಯಾ ಕಪ್ 24 ತಂಡಗಳಿಗೆ ಹಿಗ್ಗಿದ ಮೇಲೆ ಎರಡು ಬಾರಿ ಒಳಗೆ ಹೋದೆವು, ನಿಜ. ಆದರೆ 2024ರ ಜನವರಿಯಲ್ಲಿ ಕತಾರಿನಲ್ಲಿ ಆಡಿದ ಮೂರು ಪಂದ್ಯಗಳಲ್ಲಿ ಒಂದು ಗೋಲನ್ನೂ ಹೊಡೆಯಲಿಲ್ಲ. 2025ರ ಅಕ್ಟೋಬರಿನಲ್ಲಿ ಗೋವೆಯಲ್ಲಿ ಸಿಂಗಪುರಕ್ಕೆ ಸೋತು 2027ರ ಕೂಟದ ಆಸೆಯನ್ನೂ ಕಳೆದುಕೊಂಡೆವು. ನಾಲ್ಕೇ ತಂಡಗಳಿದ್ದ 1964ರ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ ಪಡೆದವರು ನಾವು! ಇಷ್ಟರ ಮೇಲೆ, ನಮ್ಮ ದೇಶದ ಇಂಡಿಯನ್ ಸೂಪರ್ ಲೀಗ್ 2025ರಲ್ಲಿ ಎಂದಿನಂತೆ ಸೆಪ್ಟೆಂಬರಿನಲ್ಲಿ ಆರಂಭವೇ ಆಗಲಿಲ್ಲ.

ಇದಕ್ಕೆ ಎದುರಾಗಿ ನಮ್ಮ ಹೆಣ್ಣುಮಕ್ಕಳನ್ನು ನೋಡಿ. ಮಹಿಳೆಯರ ಏಷ್ಯಾ ಕಪ್‌ಗೆ 12 ತಂಡಗಳಷ್ಟೇ. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿ ಆ ಕಿರುಬಾಗಿಲಿನಿಂದ ತಲೆಯೆತ್ತಿಕೊಂಡೇ ಒಳಹೋದರು. ನಮ್ಮ ನಾಡಿನವರಿಗೂ ಕಸುವಿಲ್ಲವೆಂದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ತಂಡದ ಬಹುಪಾಲು ಆಟಗಾರರ ಕಾಲಲ್ಲಿ ಬೂಟುಗಳಿರಲಿಲ್ಲ. 2023ರ ಮಾರ್ಚಿನಲ್ಲಿ ಕರ್ನಾಟಕ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಅಂದು ನಮ್ಮ ಸೀಮೆಯ ಎಷ್ಟು ಜನಕ್ಕೆ ಆ ಸುದ್ದಿ ತಲುಪಿತು?

ನಾನು ಪಾಠ ಹೇಳಿದ ಶಾಲೆಯೊಂದರ ಹಿಂದೆ ವಿಶಾಲವಾದ ಮೈದಾನವಿತ್ತು. ಒಂದೇ ಚೆಂಡು, ಹೊಲಿಗೆ ಬಿಟ್ಟರೆ ಸಮಗಾರರು ಹೊಲಿದುಕೊಡುತ್ತಿದ್ದರು, ಗಾಳಿ ಸೈಕಲ್ ಅಂಗಡಿಯಲ್ಲಿ. ಪಾಟೀಚೀಲಗಳೇ ಗೋಲುಕಂಬ. ಎರಡು ವರ್ಷದ ಹಿಂದೆ ಹೋಗಿ ನೋಡಿದೆ. ಒಂದು ಮೂಲೆಗೆ ಹೊಸ ಕೊಠಡಿಗಳು, ಇನ್ನೊಂದಕ್ಕೆ ನೀರಿನ ಟಾಕಿ, ನಡುವೆ ಯಾರದೋ ಅನುಕೂಲಕ್ಕೆ ಹಾಯ್ದ ದಾರಿ. ಕಬ್ಬಿನ ಹಂಗಾಮಿನಲ್ಲಿ ಉಳಿದ ಜಾಗದಲ್ಲಿ ಟ್ರ್ಯಾಕ್ಟರುಗಳ ಟ್ರೇಲರು. ದೈಹಿಕ ಶಿಕ್ಷಕರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬಂದಿರಲಿಲ್ಲ. ಆಟದ ತಾಸಿನಲ್ಲಿ ಮಕ್ಕಳು ವಿಜ್ಞಾನದ ಟಿಪ್ಪಣಿ ಬರೆದುಕೊಳ್ಳುತ್ತಿದ್ದರು.

ಮರುದಿನ ಮೊಮ್ಮಗನಿಗೆ ನಾನೇ ಫೋನು ಮಾಡಿ ಕೇಳಿದೆ: “ನಿಮ್ಮ ಸಾಲ್ಯಾಗ ಗ್ರೌಂಡ್ ಎಷ್ಟ ದೊಡ್ಡದ ಅದನೋ?” “ಗ್ರೌಂಡ್ ಇಲ್ಲಜ್ಜಾ, ಟೆರೇಸ್ ಮ್ಯಾಲೆ ನೆಟ್ ಕಟ್ಯಾರ” ಎಂದ.

ಇದನ್ನು ಓದುವ ನನ್ನ ವಿದ್ಯಾರ್ಥಿಗಳಲ್ಲಿ ಶಾಲಾಭಿವೃದ್ಧಿ ಸಮಿತಿಗಳಲ್ಲಿ ಇರುವವರು ಕೆಲವರಾದರೂ ಇದ್ದೀರಿ. ಮುಂದಿನ ಸಭೆಗೆ ಹೋಗುವಾಗ ಒಂದು ಟೇಪು ಒಯ್ಯಿರಿ. ಮೈದಾನದ ಉದ್ದ-ಅಗಲ ಅಳೆದು, ಹಳೆಯ ನಕಾಶೆಯಲ್ಲಿ ಎಷ್ಟಿತ್ತೆಂಬುದನ್ನೂ ನೋಡಿ ನನಗೆ ಬರೆದು ತಿಳಿಸಿರಿ. ಲೆಕ್ಕ ನಾನು ಹಾಕುತ್ತೇನೆ.