ದಾದಿಯ ಕೈಗೆ ಲೆಕ್ಕದ ಪುಸ್ತಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಪುನಃ ಬಳ್ಳಾರಿಗೆ ಮರಳಿ, ಕಡೆಗೆ ಇಲ್ಲಿಗೆ ಬಂದಿತು. ಜಿಲ್ಲೆ ಬದಲಾದಾಗಲೆಲ್ಲ ಕಡತಗಳು ಊರೂರು ಅಲೆದವು. ಉಪಕೇಂದ್ರದಲ್ಲಿ ಚುಚ್ಚುಮದ್ದು ಹಾಕುವ ಸಹೋದರಿ ಮಾತ್ರ ಇದ್ದಲ್ಲಿಯೇ ಇದ್ದಳು. ಆದರೆ ಆಕೆಯ ಕೆಲಸ ಇದ್ದಂತೆ ಉಳಿಯಲಿಲ್ಲ.

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಉಪಕೇಂದ್ರದ ವಾರ್ಷಿಕ 10,000 ರೂಪಾಯಿ ನಿಧಿಯ ಲೆಕ್ಕ ಆಕೆಯ ಪಾಲಿಗೆ ಬಂದಿತು. ತರುವಾಯ ತಾಯಿ-ಮಕ್ಕಳ ದಾಖಲೆ ಕಂಪ್ಯೂಟರಿಗೆ ಏರಿತು. 2018ರ ಆಯುಷ್ಮಾನ್ ಭಾರತ ಯೋಜನೆಯಡಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನರ್ಸಿಂಗ್ ಪದವೀಧರರು ಬಂದರು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ತಪಾಸಣೆಯೂ ಅವರದೇ, ಅಂಕಿ-ಅಂಶ ತುಂಬುವುದೂ ಅವರದೇ. ಪ್ರೋತ್ಸಾಹಧನವು ದಾಖಲಾದ ಸಾಧನೆಗೆ ಅನುಗುಣವಾಗಿ ಸಿಗುವುದರಿಂದ, ಮಾಡಿದ ಶುಶ್ರೂಷೆಗಿಂತ ಬರೆದ ಶುಶ್ರೂಷೆಗೆ ಬೆಲೆ ಹೆಚ್ಚಾಗುವ ಅಪಾಯವಿದೆ.

ದಾಖಲೆ ವ್ಯರ್ಥವೆಂದು ನಾವು ಹೇಳಲಾರೆವು. ಹಡಗಲಿ, ಹರಪನಹಳ್ಳಿಗಳ ತಾಂಡಾಗಳಿಂದ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗುಳೆ ಹೋಗುವ ಬಸುರಿಗೆ ತಾಯಿ ಕಾರ್ಡಿನ ಬರಹವೇ ಆಸರೆ. ಫ್ಲಾರೆನ್ಸ್ ನೈಟಿಂಗೇಲ್ 1854ರಲ್ಲಿ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದಾಗ ದೀಪವನ್ನಷ್ಟೇ ಹಿಡಿಯಲಿಲ್ಲ, ಸತ್ತವರ ಲೆಕ್ಕವನ್ನೂ ಹಿಡಿದಳು. ಗಾಯಕ್ಕಿಂತ ಕೊಳೆಯಿಂದ ಹರಡುವ ರೋಗವೇ ಹೆಚ್ಚು ಸೈನಿಕರನ್ನು ಕೊಂದಿತೆಂದು ಲೋಕಕ್ಕೆ ತೋರಿಸಿದ್ದು ಆ ಲೆಕ್ಕ.

ಶುಶ್ರೂಷಕರ ಪಾಲಕರಾದ ಸಂತ ಕಮಿಲ್ಲಸರು ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ರೋಗಿಯಾಗಿ ಬಂದು, ಸೇವಕರಾಗಿ, ಕೊನೆಗೆ ಅದರ ಮೇಲ್ವಿಚಾರಕರಾದರು. ಹಾಸಿಗೆಯ ಕಷ್ಟ ಬಲ್ಲವರು ಆಡಳಿತ ನಡೆಸಿದರೆ ರೋಗಿಗೆ ಲಾಭವೇ. ಆದರೆ ಅದೇ ಸಂತರು 1607ರಲ್ಲಿ ತಾವೇ ಸ್ಥಾಪಿಸಿದ ಸಭೆಯ ಅಧಿಕಾರ ಬಿಟ್ಟು ರೋಗಿಗಳ ಬಳಿಗೆ ಮರಳಿದರೆಂಬುದನ್ನೂ ಗಮನಿಸಬೇಕು. ಒಬ್ಬರೇ ಎರಡನ್ನೂ ಬಲ್ಲವರಾಗಿರಬಹುದು. ಏಕಕಾಲದಲ್ಲಿ ಎರಡು ಕಡೆ ಇರಲಾರರು. ಇದು ತರ್ಕದ ಮೊದಲ ಪಾಠ, ಆದರೂ ಕಛೇರಿಗಳಿಗೆ ಇದು ತಿಳಿದಂತಿಲ್ಲ! ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ವಿಧವೆಯರ ದಿನನಿತ್ಯದ ಪಡಿ ಹಂಚಿಕೆಯಲ್ಲಿ ಲೋಪ ಕಂಡುಬಂದಾಗ ಪ್ರೇಷಿತರು ಹೊರೆಯನ್ನು ತಮ್ಮ ಮೇಲೆಯೇ ಹೇರಿಕೊಳ್ಳಲಿಲ್ಲ. ಏಳು ಮಂದಿಯನ್ನು ಆ ಕೆಲಸಕ್ಕೆಂದೇ ನೇಮಿಸಿದರು.

ಸರ್ಕಾರಕ್ಕೂ ಈ ದಾರಿ ಗೊತ್ತಿಲ್ಲದೆ ಇಲ್ಲ. ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರ ನೋಡಿಕೊಳ್ಳಲು ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರರಿದ್ದಾರೆ. ಹಣದ ಹಕ್ಕುಪತ್ರಕ್ಕೆ ಪ್ರತ್ಯೇಕ ವ್ಯಕ್ತಿ ಬೇಕೆಂದು ತೋಚಿದವರಿಗೆ ಹೆರಿಗೆ, ಲಸಿಕೆಗಳ ದಾಖಲೆಗೂ ಬೇಕೆಂದು ಏಕೆ ತೋಚಬಾರದು? ಮನುಷ್ಯನು ದುಡಿಮೆಗಾಗಿ ಇರುವವನಲ್ಲ, ದುಡಿಮೆ ಮನುಷ್ಯನಿಗಾಗಿ ಇದೆ ಎಂಬುದು ದ್ವಿತೀಯ ಜಾನ್ ಪಾಲರ 1981ರ ವಿಶ್ವಪತ್ರದ ತಿರುಳು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ದಾಖಲೆಗೆಂದೇ ಒಬ್ಬರಿರಬೇಕೆಂದು ಕೇಳುವುದು ದಾದಿಯರ ಸೋಮಾರಿತನವಲ್ಲ, ರೋಗಿಗಳ ಪರವಾದ ಮನವಿ.

ನಮ್ಮ ಕುಟುಂಬಗಳ ಎಷ್ಟೋ ಹೆಣ್ಣುಮಕ್ಕಳು ಈ ವೃತ್ತಿಯಲ್ಲಿದ್ದಾರೆ. "ಇನ್‌ಚಾರ್ಜ್" ಆದಳೆಂದು ಸಂತೋಷಪಡುವ ತಂದೆತಾಯಂದಿರು, ವಾರ್ಡಿನ ಪಾಳಿಯಲ್ಲಿ ಎಷ್ಟು ತಾಸು ಕಡಿಮೆಯಾಯಿತೆಂದೂ ವಿಚಾರಿಸಲಿ. ಬಡ್ತಿಯ ಹೆಸರಿನಲ್ಲಿ ಎರಡನೆಯ ನೌಕರಿಯೇ ಪುಕ್ಕಟೆಯಾಗಿ ಬಂದಿರಲೂಬಹುದು. ರಾತ್ರಿ ಜಪಸರದ ಹೊತ್ತಿನಲ್ಲಿಯೂ ಮೊಬೈಲ್ ಹಿಡಿದು ಕುಳಿತ ಸೊಸೆಯನ್ನು ಗದರುವ ಮುನ್ನ ಅತ್ತೆಯವರು ಒಮ್ಮೆ ಇಣುಕಿ ನೋಡಲಿ. ಅಲ್ಲಿ ಕಾಣುವುದು ಬಹುಮಟ್ಟಿಗೆ ಯಾವುದೋ ಹಳ್ಳಿಯ ಮಕ್ಕಳ ಲಸಿಕೆಯ ಪಟ್ಟಿ.