ಸಮುದ್ರಕ್ಕೂ ಒಂದು ಕುರ್ಚಿ

2015ರ ಮೇ ತಿಂಗಳ ಕೊನೆಯ ವಾರ. ಪ್ಯಾರಿಸ್‌ನ ಹೊರವಲಯದಲ್ಲಿರುವ ನಾಂತೇರ್ ಎಂಬ ಊರಿನ ನಾಟಕಮಂದಿರದಲ್ಲಿ ಹಲವು ದೇಶಗಳ ಸುಮಾರು ಇನ್ನೂರು ವಿದ್ಯಾರ್ಥಿಗಳು ಸೇರಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ನಡೆಯಬೇಕಿದ್ದ ಪ್ಯಾರಿಸ್ ಹವಾಮಾನ ಸಮ್ಮೇಳನವನ್ನು ಆರು ತಿಂಗಳು ಮೊದಲೇ ತಾವು ನಡೆಸಿ ನೋಡಬೇಕೆಂಬುದು ಅವರ ಉತ್ಸಾಹ. ಭಾರತ, ಆಸ್ಟ್ರೇಲಿಯಾ, ಮಾಲ್ಡೀವ್ಸ್ ಎಂಬ ಫಲಕಗಳ ಹಿಂದೆ ಪ್ರತಿನಿಧಿಗಳು ಕೂತಿದ್ದರು. ಅದೇ ಸಾಲಿನಲ್ಲಿ ಮಣ್ಣು, ಅರಣ್ಯ, ಸಾಗರ ಎಂಬ ಫಲಕಗಳೂ ಇದ್ದವು. ಫ್ರೆಂಚ್ ಚಿಂತಕ ಬ್ರೂನೋ ಲಾತೂರ್ ಮತ್ತು ಸಂಗಡಿಗರು ರೂಪಿಸಿದ್ದ ಈ ಪ್ರಯೋಗದಲ್ಲಿ ಸಾಗರದ ನಿಯೋಗ ದೇಶಗಳಿಗೆ ಸರಿಸಮನಾಗಿ ಕೂತು ಮಾತಾಡಿತು, ವಾದಿಸಿತು, ಪಟ್ಟು ಹಿಡಿಯಿತು.

ಸಮುದ್ರದ ಬಗ್ಗೆ ವಿದ್ಯಾರ್ಥಿಗಳು ನಡೆಸುವ ಅಣಕು ಸಭೆಗಳಲ್ಲಿ ಇಂಥ ಧೈರ್ಯ ಅಪರೂಪ. ಆದರೆ ಸಭೆಗಳಿಗೇನೂ ಬರವಿಲ್ಲ. ಅಮೆರಿಕದ ಕಾಲೇಜುಗಳಲ್ಲಿ 1920ರ ದಶಕದಲ್ಲೇ ಲೀಗ್ ಆಫ್ ನೇಷನ್ಸ್‌ನ ಅಣಕು ಅಧಿವೇಶನಗಳು ನಡೆಯುತ್ತಿದ್ದವು. ವಿಶ್ವಸಂಸ್ಥೆ ಹುಟ್ಟಿದ ಮೇಲೆ ಅದೇ ಪದ್ಧತಿ ಮಾಡೆಲ್ ಯುಎನ್ ಆಯಿತು. 1968ರಲ್ಲಿ ಹೇಗ್ ನಗರಕ್ಕೆ ಬಂತು, ಆಮೇಲೆ ಜಗತ್ತಿಡೀ ಹಬ್ಬಿತು. ಬೆಂಗಳೂರಿನ ಶಾಲೆಗಳಲ್ಲಂತೂ ಇಂದು ಅದು ವಾರ್ಷಿಕೋತ್ಸವದಷ್ಟೇ ಮಾಮೂಲು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಹದಿನಾಲ್ಕನೆಯದು ಸಮುದ್ರದ ಜೀವಲೋಕಕ್ಕೆ ಸಂಬಂಧಿಸಿದ್ದು. ಪ್ಲಾಸ್ಟಿಕ್, ಹವಳದಿಬ್ಬ, ಮಿತಿಮೀರಿದ ಮೀನುಗಾರಿಕೆ, ಆಳ ಸಮುದ್ರದ ಗಣಿಗಾರಿಕೆ ಹೀಗೆ ಚರ್ಚೆಗೆ ವಿಷಯಗಳು ಸಿದ್ಧವಾಗಿ ಸಿಗುತ್ತವೆ. ಕೋಟು ಟೈ ತೊಟ್ಟ ಹದಿನಾರರ ಹುಡುಗಿ ನಾರ್ವೆಯ ಪರವಾಗಿ ಎದ್ದು ನಿಲ್ಲುತ್ತಾಳೆ. ತಿಮಿಂಗಿಲ ಬೇಟೆಯ ಬಗ್ಗೆ ತನ್ನ ದೇಶದ ನಿಲುವನ್ನು ಸಮರ್ಥಿಸಿಕೊಳ್ಳಬೇಕಾದಾಗ ಅವಳಿಗೆ ಕಷ್ಟವಾಗುತ್ತದೆ. ಆ ಕಷ್ಟ ಒಳ್ಳೆಯದು. ತನ್ನದಲ್ಲದ ನಿಲುವಿನ ಒಳಹೊಕ್ಕು ಯೋಚಿಸುವುದನ್ನು ಬೇರೆ ಯಾವ ಪಠ್ಯವೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ.

ತೊಡಕಿರುವುದು ಸಭೆಯ ಕೊನೆಯಲ್ಲಿ. ಎರಡು ಮೂರು ದಿನ ಭಾಷಣ, ಗುಂಪುಗಾರಿಕೆ, ಕರಡು ತಿದ್ದಾಟ ನಡೆದ ಮೇಲೆ ನಿರ್ಣಯವನ್ನು ಮತಕ್ಕೆ ಹಾಕುತ್ತಾರೆ. ಬಹುಮತ ಬಂದರೆ ಚಪ್ಪಾಳೆ. ನಂತರ ‘ಬೆಸ್ಟ್ ಡೆಲಿಗೇಟ್’ ಬಹುಮಾನ. ಹೆಚ್ಚು ಸಲ ಎದ್ದು ಮಾತಾಡಿದವರು, ಕರಡಿನ ಮೇಲೆ ತಮ್ಮ ಹೆಸರನ್ನು ಮೊದಲು ಹಾಕಿಸಿಕೊಂಡವರು, ಎದುರಾಳಿಯ ಬಾಯಿ ಕಟ್ಟಿದವರು ಸಾಮಾನ್ಯವಾಗಿ ಅದನ್ನು ಗೆಲ್ಲುತ್ತಾರೆ. ಸಮುದ್ರದ ರಾಜತಾಂತ್ರಿಕತೆಯ ನಿಜವಾದ ಇತಿಹಾಸ ಓದಿದವರಿಗೆ ಇಲ್ಲೇ ಕಸಿವಿಸಿಯಾಗುವುದು. ಅಲ್ಲಿ ಗೆದ್ದ ಭಾಷಣಗಳು ಕಡಿಮೆ, ಮತದಿಂದ ಬಗೆಹರಿದ ಜಗಳಗಳು ಇನ್ನೂ ಕಡಿಮೆ.

ವಿಶ್ವಸಂಸ್ಥೆಯ ಸಮುದ್ರ ಕಾನೂನು ಸಮ್ಮೇಳನವನ್ನೇ ನೋಡಬಹುದು. 1967ರ ನವೆಂಬರ್ 1ರಂದು ಮಾಲ್ಟಾದ ರಾಯಭಾರಿ ಆರ್ವಿಡ್ ಪಾರ್ಡೊ ಮಹಾಸಭೆಯಲ್ಲಿ ಮಾಡಿದ ದೀರ್ಘ ಭಾಷಣದಿಂದ ಅದಕ್ಕೆ ಚಾಲನೆ ಸಿಕ್ಕಿತು. ಸಮುದ್ರದ ತಳ ಇಡೀ ಮನುಕುಲದ ಆಸ್ತಿಯಾಗಬೇಕೆಂದು ಅವರು ವಾದಿಸಿದ್ದರು. ಭಾಷಣದಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಇದು ಉತ್ತರವೂ ಹೌದು. ಆದರೆ ಆ ಮಾತು ಕಾನೂನಾಗಲು 1973ರಿಂದ 1982ರವರೆಗೆ ಒಂಬತ್ತು ವರ್ಷಗಳ ಮಾತುಕತೆ ಬೇಕಾಯಿತು. ಸರ್ವಸಮ್ಮತಿಗೆ ಕೊನೆಯವರೆಗೂ ಪ್ರಯತ್ನಿಸೋಣ, ಮತದಾನ ಕಟ್ಟಕಡೆಗಿರಲಿ ಎಂದು ದೇಶಗಳು ಮೊದಲೇ ಒಪ್ಪಿಕೊಂಡಿದ್ದವು. 1982ರ ಏಪ್ರಿಲ್ 30ರಂದು ಆ ಕಟ್ಟಕಡೆ ಬಂದೇಬಿಟ್ಟಿತು. ಪರವಾಗಿ 130 ಮತ, ವಿರುದ್ಧ 4, ತಟಸ್ಥರು 17. ಯಾವ ಶಾಲಾ ಸಭೆಯಲ್ಲಾದರೂ ಇದು ಭರ್ಜರಿ ಗೆಲುವು. ಆ ನಾಲ್ಕರಲ್ಲಿ ಒಂದು ಅಮೆರಿಕ. ನಾಲ್ಕು ದಶಕ ದಾಟಿದರೂ ಅದು ಒಪ್ಪಂದದೊಳಗೆ ಬಂದಿಲ್ಲ.

ಅದೇ ಸಮ್ಮೇಳನದ ಇನ್ನೊಂದು ಪ್ರಸಂಗ ವಿದ್ಯಾರ್ಥಿಗಳಿಗೆ ಹೇಳಲೇಬೇಕಾದದ್ದು. ಸಾಗರದ ಆಳದಲ್ಲಿ ಆಲೂಗಡ್ಡೆಯಂತೆ ಬಿದ್ದಿರುವ ಲೋಹದ ಗಂಟುಗಳಿವೆ. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇದೆ. ಅವನ್ನು ಎತ್ತುವ ಕಂಪನಿಗಳು ಮನುಕುಲಕ್ಕೆ ಎಷ್ಟು ಹಣ ಕಟ್ಟಬೇಕು? ಬಡ ದೇಶಗಳ ಪರವಾಗಿ ಮಾತಾಡಿದ ಭಾರತ, ಒಂದೊಂದು ಗಣಿ ಪ್ರದೇಶಕ್ಕೂ ಆರಂಭದಲ್ಲೇ 6 ಕೋಟಿ ಡಾಲರ್ ಎಂದಿತು. ಆರಂಭಿಕ ಶುಲ್ಕವೇ ಕೂಡದು ಎಂದಿತು ಅಮೆರಿಕ. ಇಬ್ಬರೂ ಜಗ್ಗಲಿಲ್ಲ. ಆಗ ನೆರವಿಗೆ ಬಂದದ್ದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತಯಾರಿಸಿದ್ದ ಒಂದು ಕಂಪ್ಯೂಟರ್ ಮಾದರಿ. ಗಣಿಗಾರಿಕೆಯ ಖರ್ಚು, ಆದಾಯ, ಶುಲ್ಕಗಳನ್ನು ಅದಕ್ಕೆ ಊಡಿಸಿದರೆ ಮುಂದೇನಾಗುತ್ತದೆಂದು ಲೆಕ್ಕ ಹಾಕಿ ತೋರಿಸುತ್ತಿತ್ತು. ಆದಾಯದ ಮೊದಲ ಕಾಸು ಕಾಣುವ ಐದು ವರ್ಷ ಮೊದಲೇ ಅಷ್ಟು ದೊಡ್ಡ ಮೊತ್ತ ಕಟ್ಟಬೇಕಾದರೆ ಯಾವ ಕಂಪನಿಯೂ ಸಮುದ್ರಕ್ಕಿಳಿಯಲಾರದು ಎಂದು ಭಾರತದ ಪ್ರತಿನಿಧಿಗೆ ಅದು ತೋರಿಸಿಕೊಟ್ಟಿತು. ಅವರು ತಮ್ಮ ನಿಲುವನ್ನು ಮರುಪರಿಶೀಲಿಸುವುದಾಗಿ ಹೇಳಿದರು. ಅಮೆರಿಕದವರಿಗೂ ಅದೇ ಲೆಕ್ಕ ಬೇರೆ ಪಾಠ ಕಲಿಸಿತು. ಅಲ್ಲಿಯವರೆಗೆ ಅವರು ನಂಬಿದ್ದು ಹೆಚ್ಚಾಗಿ ಗಣಿ ಕಂಪನಿಗಳು ಕೊಟ್ಟ ಮಾಹಿತಿಯನ್ನು. ಸ್ವಲ್ಪ ಆರಂಭಿಕ ಶುಲ್ಕ ಕಟ್ಟಿದರೂ ಕಂಪನಿಗಳು ಬದುಕುತ್ತವೆ ಎಂಬುದು ಈಗ ತಿಳಿಯಿತು. ಅವರೂ ಸಡಿಲಿದರು. ಸಂಧಾನ ಕಲೆಯ ಬಗ್ಗೆ ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ ಬರೆದ ಹೆಸರಾಂತ ಪುಸ್ತಕದಲ್ಲಿ ಈ ಕಥೆಯಿದೆ. ಮುಖಭಂಗವಾಗದೆ ಮನಸ್ಸು ಬದಲಿಸಲು ಎರಡೂ ಕಡೆಯವರಿಗೆ ಒಂದು ದಾರಿ ಸಿಕ್ಕಿತ್ತು. ಎಂಥ ದೊಡ್ಡ ಕೌಶಲ ಅದು! ಇಂದಿನ ಅಣಕು ಸಭೆಯಲ್ಲಿ ನಿಲುವು ಬದಲಿಸಿದ ಹುಡುಗನಿಗೆ ಅಂಕ ಕಡಿತವಾಗುತ್ತದೆ.

ಆ ಲೆಕ್ಕದಲ್ಲಿ ಒಂದು ಕೊರತೆಯೂ ಇತ್ತು, ಅದನ್ನೂ ಹೇಳಬೇಕು. ಹಣವೆಲ್ಲ ಅದರೊಳಗಿತ್ತು, ಜೀವಿಗಳಿರಲಿಲ್ಲ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರು ದೇಶದ ಆಚೆಯ ಆಳ ಸಮುದ್ರದಲ್ಲಿ ತಳವನ್ನು ಬೇಕೆಂದೇ ಉತ್ತು ಬಿಟ್ಟರು, ಗಣಿಗಾರಿಕೆಯ ಪರಿಣಾಮ ತಿಳಿಯಲೆಂದು. 26 ವರ್ಷಗಳ ನಂತರ ಹೋಗಿ ನೋಡಿದಾಗ ಉತ್ತ ಗೆರೆಗಳು ಹಾಗೆಯೇ ಇದ್ದವು. ಹಿಂದೂ ಮಹಾಸಾಗರದ ನಡುವೆ 75,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಇದೇ ಗಂಟುಗಳನ್ನು ಅನ್ವೇಷಿಸುವ ಹಕ್ಕು ಭಾರತಕ್ಕಿದೆ. ಇಲ್ಲಿನ ವಿದ್ಯಾರ್ಥಿಗಳಿಗೆ ಅದು ಪರದೇಶದ ವಿಷಯವೇನಲ್ಲ.

ಸರ್ವಸಮ್ಮತಿ ಎಂದರೆ ಏನೆಂದು ತಿಳಿಯಲು ಅಂಟಾರ್ಕ್ಟಿಕಾ ಕಡೆ ತಿರುಗಬೇಕು. ಅಲ್ಲಿನ ಸಮುದ್ರಜೀವಿಗಳನ್ನು ಕಾಪಾಡುವ ಆಯೋಗ ಪ್ರತಿ ವರ್ಷ ಆಸ್ಟ್ರೇಲಿಯಾದ ಹೋಬರ್ಟ್‌ನಲ್ಲಿ ಸೇರುತ್ತದೆ; ಭಾರತವೂ ಅದರ ಸದಸ್ಯ. ಒಬ್ಬರು ಒಪ್ಪದಿದ್ದರೂ ತೀರ್ಮಾನವಿಲ್ಲ. ರಾಸ್ ಸಮುದ್ರವನ್ನು ಸಂರಕ್ಷಿತ ಪ್ರದೇಶ ಮಾಡೋಣವೆಂದು ಅಮೆರಿಕ ಮತ್ತು ನ್ಯೂಜಿಲೆಂಡ್ ವರ್ಷ ವರ್ಷವೂ ಕೇಳಿದವು, ಪ್ರಸ್ತಾವ ವರ್ಷ ವರ್ಷವೂ ಬಿತ್ತು. ಚೀನಾ ಒಪ್ಪಿದ್ದು 2015ರಲ್ಲಿ. ಕೊನೆಗೆ ಉಳಿದ ರಷ್ಯಾ 2016ರ ಅಕ್ಟೋಬರ್‌ನಲ್ಲಿ ಒಪ್ಪಿತು. ಈ ಒಪ್ಪಿಗೆಗಳಿಗಾಗಿ ಕ್ರಿಲ್ ಎಂಬ ಸಿಗಡಿಯಂಥ ಜೀವಿಯ ಸಂಶೋಧನಾ ವಲಯವನ್ನು ಸೇರಿಸಬೇಕಾಯಿತು. ರಕ್ಷಣೆ ಶಾಶ್ವತವಾಗಿರುವ ಬದಲು 35 ವರ್ಷಕ್ಕೆ ಇಳಿಯಿತು. ಪಟ್ಟಿ ಹಿಡಿದು ನೋಡಿದರೆ ರಾಜಿಗಳೇ ಹೆಚ್ಚು. ಆದರೆ ಸಿಕ್ಕಿದ್ದು 15.5 ಲಕ್ಷ ಚದರ ಕಿಲೋಮೀಟರ್, ಅಂದರೆ ಎಂಟು ಕರ್ನಾಟಕಗಳಷ್ಟು ಸಮುದ್ರ. ಜಗತ್ತಿನ ಅಡೇಲಿ ಪೆಂಗ್ವಿನ್‌ಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಅಲ್ಲಿ ಬದುಕುತ್ತವೆ.

ಹಾಗೆಂದು ಸರ್ವಸಮ್ಮತಿಯೇ ಸರ್ವರೋಗ ನಿವಾರಕ ಎನ್ನುವಂತಿಲ್ಲ. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರದ ಪ್ರಸ್ತಾವಗಳು ಅದೇ ಆಯೋಗದಲ್ಲಿ ವರ್ಷಗಟ್ಟಲೆ ಕೊಳೆತಿವೆ. ಆ ಅನುಭವ ಕಣ್ಣೆದುರಿಗಿದ್ದುದರಿಂದಲೇ ಯಾವ ದೇಶಕ್ಕೂ ಸೇರದ ಸಮುದ್ರದ ಜೀವವೈವಿಧ್ಯ ಕಾಪಾಡುವ ಹೊಸ ಒಪ್ಪಂದದಲ್ಲಿ ಮಧ್ಯದ ಹಾದಿಯೊಂದನ್ನು ಇಟ್ಟಿದ್ದಾರೆ. ಮೊದಲು ಒಮ್ಮತಕ್ಕೆ ಪ್ರಯತ್ನ; ಎಲ್ಲ ಪ್ರಯತ್ನ ಮುಗಿದರೆ ಮಾತ್ರ ನಾಲ್ಕರಲ್ಲಿ ಮೂರು ಪಾಲು ಮತ. ಸುಮಾರು ಎರಡು ದಶಕ ಎಳೆದಾಡಿದ ಆ ಮಾತುಕತೆ 2023ರ ಮಾರ್ಚ್ 4ರ ರಾತ್ರಿ ನ್ಯೂಯಾರ್ಕ್‌ನಲ್ಲಿ ಮುಗಿದಾಗ, ಅಧ್ಯಕ್ಷೆ ಸಿಂಗಪುರದ ರೀನಾ ಲೀ ಹಡಗು ದಡ ಸೇರಿತೆಂದು ಸಾರಿದರು. ಪ್ರತಿನಿಧಿಗಳು ನಿಗದಿತ ದಿನ ಮೀರಿ, ನಿದ್ದೆಗೆಟ್ಟು ಕೂತಿದ್ದರು. 2024ರ ಸೆಪ್ಟೆಂಬರಿನಲ್ಲಿ ಭಾರತ ಸಹಿ ಹಾಕಿತು. 60 ದೇಶಗಳ ಅನುಮೋದನೆ 2025ರ ಸೆಪ್ಟೆಂಬರಿನಲ್ಲಿ ಪೂರ್ಣವಾಗಿ, 2026ರ ಜನವರಿ 17ರಂದು ಒಪ್ಪಂದ ಜಾರಿಗೆ ಬಂತು. ಭೂಮಿಯ ಸುಮಾರು ಅರ್ಧ ಮೇಲ್ಮೈ ಅದರ ವ್ಯಾಪ್ತಿಗೆ ಬರುತ್ತದೆ. ಮುಂದಿನ ವರ್ಷಗಳಲ್ಲಿ ಯಾವ ಸಮುದ್ರವನ್ನು ಕಾಯಬೇಕೆಂದು ನಿಜವಾಗಿಯೇ ತೀರ್ಮಾನಿಸುವ ಮೇಜಿನ ಸುತ್ತ ಇಂದಿನ ಹೈಸ್ಕೂಲು ಮಕ್ಕಳೇ ಕೂರುವವರು. ಅವರಿಗೆ ಬರೀ ಮಾತಿನ ಮಲ್ಲಯುದ್ಧ ಕಲಿಸಿ ಕಳಿಸುವುದು ತಪ್ಪು.

ಬದಲಾವಣೆ ಕಷ್ಟವೇನಲ್ಲ. ವೈಯಕ್ತಿಕ ಬಹುಮಾನ ನಿಲ್ಲಿಸಬಹುದು. ಎಲ್ಲರೂ ಒಪ್ಪಿದ ಒಂದು ಪುಟದ ಒಪ್ಪಂದ ಹೊರಬಂದರೆ ಇಡೀ ಸಭೆಗೆ ಮನ್ನಣೆ ಕೊಡಬಹುದು. ಭಾಷಣದ ಸಮಯ ಅರ್ಧಕ್ಕಿಳಿಸಿ, ನಿಜವಾದ ಅಂಕಿಅಂಶ ಓದಲು ಆ ಸಮಯ ಕೊಡಬಹುದು. ಹವಾಮಾನದ ವಿಷಯದಲ್ಲಿ ಈ ಕೆಲಸ ಆಗಲೇ ನಡೆದಿದೆ: ಕ್ಲೈಮೇಟ್ ಇಂಟರ್‌ಆ್ಯಕ್ಟಿವ್ ಎಂಬ ಸಂಸ್ಥೆ ಎಂಐಟಿ ಜೊತೆ ಸೇರಿ ರೂಪಿಸಿದ ಅಣಕು ಸಮ್ಮೇಳನದಲ್ಲಿ, ದೇಶಗಳು ಕೊಟ್ಟ ಮಾತಿನಿಂದ ಭೂಮಿಯ ತಾಪ ಎಷ್ಟಾಗುತ್ತದೆಂದು ಕಂಪ್ಯೂಟರ್ ಅಲ್ಲೇ ಲೆಕ್ಕ ಹಾಕಿ ಹೇಳುತ್ತದೆ. ಸುಂದರ ಭಾಷಣದ ಹಿಂದೆಯೇ ಕೆಂಪು ಗೆರೆ ಏರುತ್ತಲೇ ಇದ್ದರೆ ಮಕ್ಕಳು ಮತ್ತೆ ಮೇಜಿಗೆ ಮರಳುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕುರ್ಚಿಗಳ ಪ್ರಶ್ನೆ. ಮೀನುಗಾರಿಕೆಯ ಬಗ್ಗೆ ದಿನಗಟ್ಟಲೆ ಚರ್ಚಿಸುವ ಸಭೆಯಲ್ಲಿ ಬಲೆ ಹಿಡಿದ ಒಬ್ಬರೂ ಇರುವುದಿಲ್ಲ. ಕರ್ನಾಟಕದ ಕರಾವಳಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನ ಸಭಾಂಗಣಗಳಲ್ಲಿ ಪೆಸಿಫಿಕ್ ದ್ವೀಪಗಳ ಕಷ್ಟ ಹೇಳುವ ವಿದ್ಯಾರ್ಥಿಗೆ ಮಲ್ಪೆಯ ಬಂದರಿನ ಜಗಳ ಗೊತ್ತಿರುವುದಿಲ್ಲ. ಗೊತ್ತಾಗಬೇಕು. ಒಂದು ಕಾಲದಲ್ಲಿ ಇಲ್ಲಿ ಊರವರು ಹತ್ತಾರು ಮಂದಿ ಸೇರಿ ದಡಕ್ಕೆ ರಂಪಣಿ ಬಲೆ ಎಳೆಯುತ್ತಿದ್ದರು, ಸಿಕ್ಕಿದ ಮೀನಿನಲ್ಲಿ ಎಲ್ಲರಿಗೂ ಪಾಲಿತ್ತು. 1970ರ ದಶಕದ ಮಧ್ಯದಲ್ಲಿ, ಬೋಟಿನಿಂದ ಮೀನಿನ ಹಿಂಡನ್ನು ಸುತ್ತುವರಿದು ಹಿಡಿಯುವ ಪರ್ಸೀನ್ ಬಲೆಗಳು ಬಂದವು, ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳ ಕಾಲ ಮುಗಿಯಿತು. ಈಗಿನ ಜಗಳ ಎಲ್‌ಇಡಿ ದೀಪದ್ದು. ಕಡುಗತ್ತಲ ಕಡಲಲ್ಲಿ ಪ್ರಖರ ಬೆಳಕು ಹಾಯಿಸಿ ಮೀನನ್ನು ಮರಿಗಳ ಸಮೇತ ಬಾಚುವ ಈ ಪದ್ಧತಿಯನ್ನೂ ಎರಡು ಬೋಟುಗಳು ಜೊತೆಯಾಗಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ನಿಷೇಧ ಕಾಗದದ ಮೇಲಿದೆಯೆಂದು ನಾಡದೋಣಿಯವರು ಅಂದಿನಿಂದ ದೂರುತ್ತಲೇ ಇದ್ದಾರೆ. ದಡದಿಂದ 12 ನಾಟಿಕಲ್ ಮೈಲಿವರೆಗೆ ರಾಜ್ಯದ ಅಧಿಕಾರ, ಅದರಾಚೆ ಕೇಂದ್ರದ್ದು. ಮೀನಿಗೆ ಆ ಗೆರೆ ಕಾಣುವುದಿಲ್ಲ.

ಒಂದು ಸಮಿತಿಯ ವಿಷಯಕ್ಕೆ ಇದಕ್ಕಿಂತ ಹುರುಳು ಬೇಕೇ? ಒಂದು ಕಡೆ ಪರ್ಸೀನ್ ಮಾಲೀಕರು, ಸಾಲದ ಕಂತು ತಲೆ ಮೇಲಿರುವವರು. ಇನ್ನೊಂದು ಕಡೆ ನಾಡದೋಣಿಯವರು, ಟ್ರಾಲ್ ಬೋಟು ನಡೆಸುವ ತಾಂಡೇಲರು, ಬುಟ್ಟಿ ಹೊತ್ತು ಮಾರುವ ಹೆಂಗಸರು, ಐಸ್ ಪ್ಲಾಂಟಿನವರು, ಇಲಾಖೆಯವರು. ಮತ್ತೊಂದು ಕುರ್ಚಿ ಬೂತಾಯಿ ಮೀನಿಗೆ. ಅದರ ಪರವಾಗಿ ಮಾತಾಡುವ ವಿದ್ಯಾರ್ಥಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವರದಿಗಳನ್ನು ಓದಿ ಬರಬೇಕು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್ನಿಗೆ ಕುಸಿದದ್ದೇಕೆ? ಕಡಲಿನ ತಾಪವೋ, ಮರಿಮೀನಿನ ಬೇಟೆಯೋ, ಎರಡೂ ಸೇರಿಯೋ? ಇದಕ್ಕೆ ಉತ್ತರ ಹುಡುಕುವ ಹೊತ್ತಿಗೆ ಮಕ್ಕಳಿಗೆ ಪರಿಸರ ವಿಜ್ಞಾನವೂ ಅರ್ಥಶಾಸ್ತ್ರವೂ ಒಟ್ಟಿಗೆ ಒಲಿದಿರುತ್ತವೆ.

ಸಭೆ ಕನ್ನಡದಲ್ಲಿ ನಡೆಯಬೇಕು, ತುಳು, ಕೊಂಕಣಿಗಳಿಗೂ ಅಲ್ಲಿ ಜಾಗವಿರಬೇಕು. ಇಂಗ್ಲಿಷ್ ಬಾರದ ಒಂದೇ ಕಾರಣಕ್ಕೆ ಕಡಲನ್ನು ಚೆನ್ನಾಗಿ ಬಲ್ಲ ಮಕ್ಕಳು ಇಂಥ ಸಭೆಗಳ ಹೊರಗುಳಿದಿದ್ದಾರೆ ಎಂಬುದು ಸಂಕಟದ ಸಂಗತಿ. ಈ ನಾಡಿಗೆ ಮಕ್ಕಳ ಸಭೆ ಹೊಸದೂ ಅಲ್ಲ. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯ್ತಿ ಹುಟ್ಟಿತ್ತು. 2006ರಿಂದ ರಾಜ್ಯದ ಗ್ರಾಮ ಪಂಚಾಯ್ತಿಗಳು ಮಕ್ಕಳ ಗ್ರಾಮಸಭೆ ನಡೆಸುತ್ತಿವೆ. ಮಕ್ಕಳು ಎದ್ದು ಕೇಳುವುದು, ದೊಡ್ಡವರು ಕೂತು ಉತ್ತರಿಸುವುದು ಅಲ್ಲಿನ ಪದ್ಧತಿ. ಅದೇ ಅಭ್ಯಾಸವನ್ನು ಕಡಲ ದಂಡೆಗೆ ತಂದರೆ ಅಣಕು ಸಭೆಯ ನಿರ್ಣಯ ಬೀರುವಿನಲ್ಲಿ ಉಳಿಯುವ ಬದಲು ಮೀನುಗಾರಿಕೆ ಇಲಾಖೆಯ ಮೇಜಿಗೆ ಹೋಗಬಹುದು.

ಮೊದಲ ಸಭೆಗೆ ಜೂನ್ ಇಲ್ಲವೇ ಜುಲೈ ಒಳ್ಳೆಯ ಕಾಲ. ಜೂನ್ 1ರಿಂದ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ಬೋಟುಗಳು ಬಂದರಿನಲ್ಲಿ ಲಂಗರು ಹಾಕಿರುತ್ತವೆ, ತಾಂಡೇಲರು ಊರಲ್ಲೇ ಸಿಗುತ್ತಾರೆ. ಶಾಲೆಗಳೂ ಆಗಷ್ಟೇ ತೆರೆದಿರುತ್ತವೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ, ಎಲ್ಲಿಂದ ಶುರುವಾದರೂ ಸರಿ.