ದೇವರ ಮನೆಯಿಲ್ಲದ ಮನೆಯ ಮಗು

ವರಮಹಾಲಕ್ಷ್ಮಿ ಹಬ್ಬದ ಸಂಜೆ ಪಕ್ಕದ ಮನೆಗೆ ಅರಿಶಿನ ಕುಂಕುಮಕ್ಕೆ ಹೋದ ಎಂಟು ವರ್ಷದ ಹುಡುಗಿ ಎಲೆ ಅಡಿಕೆ, ಬಾಳೆಹಣ್ಣು ಹಿಡಿದು ಓಡಿ ಬರುತ್ತಾಳೆ. ಕಳಶಕ್ಕೆ ಸೀರೆ ಉಡಿಸಿದ್ದು, ತೆಂಗಿನಕಾಯಿಗೆ ಬೆಳ್ಳಿ ಮುಖವಾಡ ಕಟ್ಟಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ‘ಅಮ್ಮಾ, ನಮ್ಮನೇಲಿ ಯಾಕೆ ದೇವರ ಮನೆ ಇಲ್ಲ?’ ಎನ್ನುತ್ತಾಳೆ. ದೇವರನ್ನು ನಂಬದ ಅಪ್ಪ ಅಮ್ಮನಿಗೆ ಇಂಥದೊಂದು ಸಂಜೆ ಎದುರಾಗದೆ ಇರದು. ‘ಅದೆಲ್ಲ ಮೂಢನಂಬಿಕೆ, ಹೋಗಿ ಹೋಂವರ್ಕ್ ಮಾಡು’ ಎಂದುಬಿಟ್ಟರೆ, ಈ ಮನೆಯಲ್ಲಿ ಕೆಲವು ಪ್ರಶ್ನೆ ಕೇಳಬಾರದು ಎಂಬುದನ್ನು ಮಗು ಅವತ್ತೇ ಕಲಿತುಬಿಡುತ್ತದೆ.

ಪ್ರಶ್ನೆ ಕೇಳಬೇಡ ಎಂದವರ ಜೊತೆ ಜಗಳವಾಡಿ ಸಂಪ್ರದಾಯ ಬಿಟ್ಟು ಬಂದವರೇ ಹೀಗೆ ಮಾಡಿದರೆ ಹೇಗೆ?

ಜವಾಹರಲಾಲ್ ನೆಹರೂ ಹಾಗೆ ಮಾಡಲಿಲ್ಲ. 1928ರ ಬೇಸಿಗೆಯಲ್ಲಿ ಅವರು ಅಲಹಾಬಾದಿನಲ್ಲಿದ್ದರು, ಹತ್ತು ವರ್ಷದ ಮಗಳು ಇಂದಿರಾ ಮಸ್ಸೂರಿಯಲ್ಲಿದ್ದಳು. ಭೂಮಿ ಹುಟ್ಟಿದ್ದರಿಂದ ಹಿಡಿದು ಮನುಷ್ಯ ನಾಗರಿಕನಾದ ಕಥೆಯವರೆಗೆ ಅವಳಿಗೆ ಬರೆದ 30 ಪತ್ರಗಳು ಮರುವರ್ಷ ಪುಸ್ತಕವಾದವು. ಧರ್ಮ ಮೊದಲು ಭಯದಿಂದ ಹುಟ್ಟಿತು ಎಂಬ ತಮ್ಮ ಅಭಿಪ್ರಾಯವನ್ನು ಅವರು ಅದರಲ್ಲಿ ಮುಚ್ಚಿಡಲಿಲ್ಲ. ಆದರೆ ಅದೇ ಮನೆಯಲ್ಲಿ ತಾಯಿ ಕಮಲಾ ಆಧ್ಯಾತ್ಮಿಕ ಗುರು ಆನಂದಮಯಿ ಮಾ ಅವರ ಭಕ್ತೆ. ಮಗಳು ಎರಡನ್ನೂ ನೋಡಿ ಬೆಳೆದಳು. ಮುಂದೆ ಪ್ರಧಾನಿಯಾದ ಇಂದಿರಾ ಕೊರಳಲ್ಲಿ ರುದ್ರಾಕ್ಷಿ ಧರಿಸಿದರು, ದೇವಸ್ಥಾನಗಳಿಗೆ ಹೋದರು. ಅಷ್ಟು ಅಕ್ಕರೆಯಿಂದ ಕೂತು ಬರೆದ ಅಪ್ಪನ ಕೈಯಲ್ಲೂ ಮಗಳ ನಂಬಿಕೆ ಇರಲಿಲ್ಲ.

ಕಥೆಗೆ ಇನ್ನೊಂದು ಮಗ್ಗುಲಿದೆ. ತಾನು ಸತ್ತಾಗ ಧಾರ್ಮಿಕ ವಿಧಿ ಬೇಡ ಎಂದು ನೆಹರೂ 1954ರ ಉಯಿಲಿನಲ್ಲಿ ಬರೆದಿದ್ದರು. ಚಿತಾಭಸ್ಮದಲ್ಲಿ ಒಂದು ಹಿಡಿಯನ್ನು ಗಂಗೆಗೆ ಬಿಡಿ ಎಂದದ್ದು ಬಾಲ್ಯದಿಂದ ಬಂದ ನದಿಯ ಮೇಲಿನ ಪ್ರೀತಿಗೆ, ಪುಣ್ಯಕ್ಕಲ್ಲ ಎಂದೂ ಬಿಡಿಸಿ ಹೇಳಿದ್ದರು. 1964ರ ಮೇ 28ರಂದು ಮಂತ್ರಘೋಷದ ನಡುವೆ ಮೊಮ್ಮಗ ಸಂಜಯ್ ಚಿತೆಗೆ ಬೆಂಕಿ ಇಟ್ಟರು. ಬೇಡ ಎಂದವರಿಗೆ ವಿಧಿ ಮಾಡಿದ್ದು ತಪ್ಪು. ಮಗುವಿನ ನಂಬಿಕೆಗೆ ಜಾಗ ಕೊಟ್ಟ ಅಪ್ಪನ ಅಪನಂಬಿಕೆಗೂ ಆ ಮನೆಯಲ್ಲಿ ಅಷ್ಟೇ ಜಾಗ ಇರಬೇಕಿತ್ತು.

ಕಾನೂನಿನ ಮಾತೂ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆಗೋ ಕೂರಿಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಆತ್ಮಸಾಕ್ಷಿಯ, ಧರ್ಮದ ಸ್ವಾತಂತ್ರ್ಯವನ್ನು ಮಗುವಿಗೇ ಕೊಟ್ಟಿದೆ. ಅಪ್ಪ ಅಮ್ಮ ದಾರಿ ತೋರಬಹುದು, ಅದೂ ಮಗುವಿನ ಬುದ್ಧಿ ಬೆಳೆದಂತೆ.

ಆ ಹುಡುಗಿಯನ್ನು ಸೆಳೆದದ್ದು ಬೆಳ್ಳಿ ಮುಖವಾಡ, ಹೂವಿನ ಘಮ, ಮನೆ ತುಂಬ ಜನ. ಸಂಭ್ರಮದ ಈ ಸೆಳೆತವನ್ನು ಕವಿ ಕುವೆಂಪು ಚೆನ್ನಾಗಿ ಬಲ್ಲವರು. ಅವರು ನಾಸ್ತಿಕರಲ್ಲ, ರಾಮಕೃಷ್ಣ ಪರಮಹಂಸರ ಜೀವನಚರಿತ್ರೆ ಬರೆದವರು. 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯ ಎಂಬ ಸರಳ ಪದ್ಧತಿಯಲ್ಲಿ ಮಾಡಿದಾಗ ಪುರೋಹಿತರನ್ನು ಬಿಟ್ಟರು, ಮುಹೂರ್ತ ಬಿಟ್ಟರು. ನಾಲ್ಕು ಜನರೆದುರು ಒಳ್ಳೆಯ ಮಾತು ಓದಿ ಹೊಸ ಬದುಕು ಶುರುಮಾಡುವ ಸಂಭ್ರಮವನ್ನು ಬಿಡಲಿಲ್ಲ. ನಂಬದ ಮನೆಯಲ್ಲೂ ಹಣತೆ ಹಚ್ಚಬಹುದು, ಹೋಳಿಗೆ ತಟ್ಟಬಹುದು.

ಒಂದು ಕಡೆ ಮಾತ್ರ ಸಡಿಲ ಬಿಡಬಾರದು. ‘ಸುಳ್ಳು ಹೇಳಿದ್ರೆ ದೇವರು ಕಣ್ಣು ಕೀಳ್ತಾನೆ’ ಎಂದು ಹೆದರಿಸುವವರು, ಮುಟ್ಟು ಮೈಲಿಗೆ ಹೇಳಿಕೊಡುವವರು, ಇನ್ನೊಂದು ಧರ್ಮದವರನ್ನು ಕೀಳು ಎನ್ನುವವರು ಅಜ್ಜಿಯೇ ಆಗಿರಲಿ, ಮಗುವಿನ ಎದುರೇ ‘ಅದು ಸರಿಯಲ್ಲ’ ಎನ್ನಬೇಕು.

ಉಳಿದಂತೆ ಜೊತೆಗೆ ಹೋಗಿ. ಗುಡಿಗೆ, ದರ್ಗಾಕ್ಕೆ, ಚರ್ಚಿಗೆ, ಬಸದಿಗೆ. ನೀವು ಕೈ ಮುಗಿಯದಿದ್ದರೆ ಯಾಕೆಂದು ಮಗು ಕೇಳುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ವರಮಹಾಲಕ್ಷ್ಮಿ ಕಳೆದ ಕೆಲವೇ ವಾರಕ್ಕೆ ಗಣೇಶ ಬರುತ್ತಾನೆ. ಬೀದಿಯ ಪೆಂಡಾಲ್ ನೋಡಬೇಕೆಂದು ಮಗು ಕೇಳಿದರೆ, ಚಪ್ಪಲಿ ಮೆಟ್ಟಿಕೊಂಡು ಕೈ ಹಿಡಿದು ಕರೆದುಕೊಂಡು ಹೋಗಿ.